ಚೀನಾದಲ್ಲಿರುವಾಗ ಜಪಾನ್ ವಿರೋಧಿ ಗಲಾಟೆ ಎದ್ದರೆ ಏನು ಮಾಡಬೇಕು?

"ಸೆಪ್ಟೆಂಬರ್‌ನಲ್ಲಿ ಶೆನ್‌ಝೆನ್‌ಗೆ ಸರಕು ನೋಡಲು ಹೋಗಬೇಕು, ಹೋಗಬಹುದಾ?" "ಮಗಳು ಅಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ, ಜಪಾನ್ ವಿರುದ್ಧ ಗಲಾಟೆ ಅಂತ ಟಿವಿಯಲ್ಲಿ ತೋರಿಸಿದರು, ನಮ್ಮವರಿಗೂ ತೊಂದರೆ ಇದೆಯಾ?" "ನಮ್ಮದು ಜಪಾನ್ ಕಂಪನಿ. ಚೀನಾದ ಪ್ಲಾಂಟಿಗೆ ಮೂರು ತಿಂಗಳು ಹಾಕಿದ್ದಾರೆ. ಕಂಪನಿಯ ಜಾಕೆಟ್ ಹಾಕಿಕೊಂಡು ಓಡಾಡಬಹುದಾ?"

ಮಾತು ಬೇರೆ ಬೇರೆಯಾದರೂ ಪ್ರಶ್ನೆ ಒಂದೇ. ಮತ್ತೆ ಮತ್ತೆ ಬರುತ್ತಿರುವುದರಿಂದ ಒಮ್ಮೆ ವಿವರವಾಗಿ ಬರೆಯುತ್ತಿದ್ದೇನೆ.

ಚಿಕ್ಕ ಉತ್ತರ ಬೇಕಿದ್ದವರಿಗೆ: ಹೋಗಬಹುದು. ಬೀದಿಗೆ ಬೀದಿಯೇ ಹೊತ್ತಿಕೊಂಡಂಥ ದೊಡ್ಡ ಗಲಾಟೆಗಳು 2005 ಮತ್ತು 2012ರಲ್ಲಿ ನಡೆದವು. ಭಾರತೀಯರು ಅವುಗಳ ಗುರಿಯಾಗಿರಲಿಲ್ಲ. ಆದರೆ ತೂರಿದ ಕಲ್ಲಿಗೆ ಪಾಸ್‌ಪೋರ್ಟ್ ಓದಲು ಬರುವುದಿಲ್ಲ. ಪುಣ್ಯಕ್ಕೆ ಈ ಗಲಾಟೆಗಳು ಭೂಕಂಪದಂತೆ ಹೇಳದೆ ಕೇಳದೆ ಬರುವುದು ಕಡಿಮೆ. ಯಾವ ದಿನ, ಯಾವ ದಾರಿ, ಯಾವ ಅಂಗಡಿ ಎನ್ನುವುದನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು. ಅದನ್ನು ಊಹಿಸುವುದು ಹೇಗೆ ಎಂದು ಹೇಳುವುದೇ ಈ ಲೇಖನದ ಕೆಲಸ.

ಹೊರಡುವ ಮುನ್ನ ಕೈಯಲ್ಲಿರಬೇಕಾದವು: ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಎರಡು ನಕಲು, ಉಳಿದುಕೊಳ್ಳುವ ಜಾಗದ ವಿಳಾಸ ಚೀನಿ ಅಕ್ಷರದಲ್ಲಿ ಬರೆದ ಚೀಟಿ (ಇಂಗ್ಲಿಷ್ ವಿಳಾಸ ಟ್ಯಾಕ್ಸಿಯವರಿಗೆ ಅರ್ಥವಾಗುವುದಿಲ್ಲ), ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ ಹಾಗೂ ಅಲ್ಲಿ ನೀವಿರುವ ಊರಿಗೆ ಸಂಬಂಧಪಟ್ಟ ಕಾನ್ಸುಲೇಟ್‌ನ ನಂಬರ್. ಚೀನಾದ ಮುಖ್ಯಭೂಮಿಯಲ್ಲಿ ಶಾಂಘೈ ಮತ್ತು ಗುವಾಂಗ್‌ಝೌನಲ್ಲಿ ನಮ್ಮ ಕಾನ್ಸುಲೇಟ್‌ಗಳಿವೆ. ಇದರ ಜೊತೆಗೆ ವೀಚಾಟ್ (ಅಲ್ಲಿನವರ ವಾಟ್ಸಾಪ್ ಇದ್ದಂತೆ) ಖಾತೆಯನ್ನು ಊರಲ್ಲೇ ಮಾಡಿಕೊಳ್ಳಿ. ವಾಟ್ಸಾಪ್, ಗೂಗಲ್ ಅಲ್ಲಿ ನೇರವಾಗಿ ನಡೆಯುವುದಿಲ್ಲ. ಗಲಾಟೆಯ ದಿನ ಅದನ್ನು ಕಂಡುಕೊಂಡರೆ ತಡವಾಯಿತು.

ಹಂತ 1: ಸಿಟ್ಟು ಯಾತಕ್ಕೆ ಎಂದು ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ. ಸಿಟ್ಟಿನ ಬೇರು ಗೊತ್ತಿಲ್ಲದವರೇ ಊಟದ ಮೇಜಿನಲ್ಲಿ ತಪ್ಪು ಮಾತಾಡಿ ಸಿಕ್ಕಿಬೀಳುವುದು.

1931ರ ಸೆಪ್ಟೆಂಬರ್ 18ರ ರಾತ್ರಿ, ಈಗಿನ ಶೆನ್‌ಯಾಂಗ್ ನಗರದ ಹತ್ತಿರ, ರೈಲು ಹಳಿಯ ಮೇಲೆ ಜಪಾನಿ ಸೈನಿಕರೇ ಸ್ಫೋಟ ನಡೆಸಿ ಅದನ್ನು ಚೀನೀಯರ ತಲೆಗೆ ಕಟ್ಟಿದರು. ಅದೇ ನೆಪದಲ್ಲಿ ಇಡೀ ಮಂಚೂರಿಯಾವನ್ನು (ಚೀನಾದ ಈಶಾನ್ಯ ಭಾಗ) ಹಿಡಿದರು. 1937ರ ಜುಲೈ 7ರಂದು ಬೀಜಿಂಗ್ ಹೊರವಲಯದ ಲುಗೋ ಸೇತುವೆಯ ಬಳಿ (ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಮಾರ್ಕೊ ಪೋಲೊ ಸೇತುವೆ) ಗುಂಡು ಹಾರಿ ಪೂರ್ಣ ಯುದ್ಧವೇ ಶುರುವಾಯಿತು. ಅದೇ ವರ್ಷದ ಡಿಸೆಂಬರ್ 13ರಂದು ಆಗಿನ ರಾಜಧಾನಿ ನಾನ್‌ಜಿಂಗ್ ಜಪಾನಿ ಸೇನೆಯ ಕೈಗೆ ಬಿತ್ತು. ಮುಂದಿನ ವಾರಗಳಲ್ಲಿ ನಡೆದ ಕೊಲೆ, ಅತ್ಯಾಚಾರಗಳೇ ನಾನ್‌ಜಿಂಗ್ ಹತ್ಯಾಕಾಂಡ. ಸತ್ತವರು ಮೂರು ಲಕ್ಷ ಎಂದು ಚೀನಾ ಹೇಳುತ್ತದೆ. ಯುದ್ಧದ ನಂತರ ಟೋಕಿಯೊದಲ್ಲಿ ಕೂತ ನ್ಯಾಯಮಂಡಳಿ ಎರಡು ಲಕ್ಷಕ್ಕೂ ಹೆಚ್ಚು ಎಂದಿತು. ಜಪಾನಿನಲ್ಲಿ ಇದಕ್ಕಿಂತ ಬಹಳ ಕಡಿಮೆ ಹೇಳುವವರಿದ್ದಾರೆ, ನಡೆದೇ ಇಲ್ಲ ಎನ್ನುವವರೂ ಇದ್ದಾರೆ. ಆ ಕೊನೆಯ ಗುಂಪಿನ ಮಾತೇ ಪ್ರತಿ ಸಲ ಬೆಂಕಿ ಹಚ್ಚುವುದು. ಹಾರ್ಬಿನ್‌ನಲ್ಲಿ ಬದುಕಿದ್ದ ಮನುಷ್ಯರ ಮೇಲೆ ರೋಗಾಣು ಪ್ರಯೋಗ ನಡೆಸಿದ 731ನೇ ಘಟಕ, ಸೇನೆಗಾಗಿ ಲೈಂಗಿಕ ಗುಲಾಮಗಿರಿಗೆ ದೂಡಲಾದ ಹೆಂಗಸರು ("ಕಂಫರ್ಟ್ ವಿಮೆನ್" ಎಂಬ ನಾಚಿಕೆಗೆಟ್ಟ ಹೆಸರು ಅವರಿಗೇ ಅಂಟಿಕೊಂಡಿತು), ಇವೂ ಈ ಸಾಲಿನಲ್ಲಿವೆ.

"ಜಪಾನ್ ಕ್ಷಮೆ ಕೇಳಿಲ್ಲವಾ?" ಎಂದು ಕೇಳುವವರಿದ್ದಾರೆ. ಕೇಳಿದೆ. 1995ರ ಆಗಸ್ಟ್ 15ರಂದು ಪ್ರಧಾನಿ ಮುರಾಯಾಮಾ ಸ್ಪಷ್ಟ ಮಾತಿನಲ್ಲಿ ಕ್ಷಮೆ ಯಾಚಿಸಿದರು. 1972ರಲ್ಲಿ ಸಂಬಂಧ ಸರಿಮಾಡಿಕೊಂಡಾಗ ಚೀನಾ ಸರ್ಕಾರ ಯುದ್ಧ ಪರಿಹಾರದ ಬೇಡಿಕೆಯನ್ನು ಕೈಬಿಟ್ಟಿತು. 1979ರಿಂದ ಜಪಾನ್ ಕಡಿಮೆ ಬಡ್ಡಿಯ ಸಾಲವೂ ಸೇರಿ 3 ಲಕ್ಷ ಕೋಟಿ ಯೆನ್‌ಗೂ ಹೆಚ್ಚು ನೆರವು ಕೊಟ್ಟಿತು. ಚೀನೀಯರ ತಕರಾರು ಬೇರೆ. ಒಬ್ಬ ಪ್ರಧಾನಿ ಕ್ಷಮೆ ಕೇಳುತ್ತಾರೆ, ಇನ್ನೊಬ್ಬರು ಯಾಸುಕುನಿಗೆ ಹೋಗಿ ಕೈಮುಗಿಯುತ್ತಾರೆ, ಯಾವುದನ್ನು ನಂಬೋಣ ಎನ್ನುತ್ತಾರೆ ಅವರು. ಯಾಸುಕುನಿ ಎಂದರೆ ಟೋಕಿಯೊದಲ್ಲಿ ಯುದ್ಧದಲ್ಲಿ ಮಡಿದ ಸುಮಾರು 24 ಲಕ್ಷ ಜನರನ್ನು ಆರಾಧಿಸುವ ಶಿಂಟೊ ಗುಡಿ. 1978ರಲ್ಲಿ ಸದ್ದಿಲ್ಲದೆ ಅಲ್ಲಿಗೆ 14 ಮಂದಿ 'ಎ ದರ್ಜೆ' ಯುದ್ಧಾಪರಾಧಿಗಳನ್ನೂ (ಆಕ್ರಮಣಕಾರಿ ಯುದ್ಧ ಹೂಡಿದ ಆರೋಪ ಹೊತ್ತ ನಾಯಕರು) ಸೇರಿಸಲಾಯಿತು.

ಭಾರತೀಯರಿಗೆ ಇಲ್ಲೊಂದು ಕಿವಿಮಾತು. ಚೀನಾದಲ್ಲಿ ವಯಸ್ಸಾದವರು ನಿಮ್ಮನ್ನು ಕಂಡು "ಕೆ ದಿಹುವಾ" ಎಂದರೆ ಅದು ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಚೀನಿ ಹೆಸರು. ಸೊಲ್ಲಾಪುರದ ಈ ವೈದ್ಯರು 1938ರಲ್ಲಿ ಹೋಗಿ, ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ ಅಲ್ಲೇ ತೀರಿಕೊಂಡರು. ಖುಷಿಯಿಂದ ಮಾತಾಡಿ. ಜಪಾನಿನಲ್ಲಿ ಗೌರವ ಸಿಗುವುದು ಇನ್ನೊಬ್ಬ ಭಾರತೀಯನಿಗೆ. ಟೋಕಿಯೊ ನ್ಯಾಯಮಂಡಳಿಯಲ್ಲಿ ಆರೋಪಿಗಳೆಲ್ಲರೂ ನಿರಪರಾಧಿಗಳೆಂದು ಭಿನ್ನಮತ ಬರೆದ ನ್ಯಾಯಮೂರ್ತಿ ರಾಧಾಬಿನೋದ ಪಾಲ್ ಅವರ ಸ್ಮಾರಕ ಯಾಸುಕುನಿಯ ಆವರಣದಲ್ಲೇ ಇದೆ. ಪಾಲ್ ಜಪಾನಿನ ದೌರ್ಜನ್ಯಗಳನ್ನು ಅಲ್ಲಗಳೆದಿರಲಿಲ್ಲ, ಯುದ್ಧದ ನಂತರ ಮಾಡಿದ ಕಾನೂನಿನಡಿ ಶಿಕ್ಷಿಸುವ ಅಧಿಕಾರವನ್ನು ಪ್ರಶ್ನಿಸಿದ್ದರು. ಆದರೆ ಆ ಸೂಕ್ಷ್ಮವನ್ನು ನಾನ್‌ಜಿಂಗ್‌ನ ಹೋಟೆಲಿನಲ್ಲಿ, ಅರೆಬರೆ ಚೀನಿಯಲ್ಲಿ, ಎರಡು ಗ್ಲಾಸು ಏರಿಸಿದವರ ಮುಂದೆ ವಿವರಿಸಲು ಹೋಗಬೇಡಿ.

ಹಂತ 2: ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ

ಫೋನಿನ ಕ್ಯಾಲೆಂಡರ್ ತೆಗೆದು ಈ ದಿನಗಳನ್ನು ಈಗಲೇ ಸೇರಿಸಿ:

- ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ: ಜಪಾನಿನ ಶಿಕ್ಷಣ ಸಚಿವಾಲಯ ಶಾಲಾ ಪಠ್ಯಪುಸ್ತಕಗಳಿಗೆ ಒಪ್ಪಿಗೆ ಕೊಡುವ ಸಮಯ
- ಏಪ್ರಿಲ್ 21ರ ಸುಮಾರು, ಅಕ್ಟೋಬರ್ 17ರ ಸುಮಾರು: ಯಾಸುಕುನಿಯ ವಸಂತ ಮತ್ತು ಶರತ್ ಹಬ್ಬ
- ಜುಲೈ 7: ಲುಗೋ ಸೇತುವೆ
- ಆಗಸ್ಟ್ 15: ಜಪಾನ್ ಶರಣಾದ ದಿನ, ಸಚಿವರು ಯಾಸುಕುನಿಗೆ ಹೋಗುವ ದಿನವೂ ಇದೇ
- ಸೆಪ್ಟೆಂಬರ್ 3: ಚೀನಾದ ವಿಜಯ ದಿನ
- ಸೆಪ್ಟೆಂಬರ್ 18
- ಡಿಸೆಂಬರ್ 13: ನಾನ್‌ಜಿಂಗ್ ಸ್ಮರಣೆ, 2014ರಿಂದ ರಾಷ್ಟ್ರೀಯ ದಿನ

ಇವುಗಳಲ್ಲಿ ಅತಿ ಬಿಸಿ ದಿನ ಸೆಪ್ಟೆಂಬರ್ 18. ಚೀನಿಯಲ್ಲಿ ಇದನ್ನು "ಜಿಯು ಯಿ ಬಾ", ಅಂದರೆ "ಒಂಬತ್ತು-ಒಂದು-ಎಂಟು" ಎಂದೇ ಕರೆಯುತ್ತಾರೆ. ಶೆನ್‌ಯಾಂಗ್ ಮತ್ತಿತರ ನಗರಗಳಲ್ಲಿ ಆ ದಿನ ಸೈರನ್ ಕೂಗುತ್ತದೆ. ಗೊತ್ತಿಲ್ಲದವರು ಯುದ್ಧವೇ ಬಂತೆಂದು ಬೆಚ್ಚುತ್ತಾರೆ. ಅದು ಸ್ಮರಣೆಯ ಸೈರನ್, ನಿಂತಲ್ಲೇ ಸುಮ್ಮನೆ ನಿಂತರೆ ಸಾಕು. 2024ರಲ್ಲಿ ಇದೇ ಸೆಪ್ಟೆಂಬರ್ 18ರ ಬೆಳಿಗ್ಗೆ ಶೆನ್‌ಝೆನ್‌ನಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದ ಹತ್ತು ವರ್ಷದ ಜಪಾನಿ ಹುಡುಗನಿಗೆ ಒಬ್ಬ ಚೂರಿ ಹಾಕಿದ, ಮರುದಿನ ಮಗು ತೀರಿಕೊಂಡಿತು. ಅದಕ್ಕೆ ಮೂರು ತಿಂಗಳ ಹಿಂದೆ ಸುಝೌನಲ್ಲಿ ಜಪಾನಿ ಶಾಲೆಯ ಬಸ್ಸಿನ ಬಳಿ ನಡೆದ ಚೂರಿ ದಾಳಿಯನ್ನು ತಡೆಯಲು ಹೋಗಿ ಪ್ರಾಣ ಬಿಟ್ಟವರು ಚೀನೀ ಮಹಿಳೆ. ಇವು ಮೆರವಣಿಗೆಗಳಲ್ಲ, ಒಬ್ಬೊಬ್ಬರೇ ಮಾಡಿದ ಕೃತ್ಯಗಳು. ಇವನ್ನು ಮುಂಚೆಯೇ ಊಹಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಆದರೂ ನಿಮ್ಮ ಮಕ್ಕಳು ಜಪಾನಿ ಶಾಲೆಗೆ ಹೋಗುತ್ತಿದ್ದರೆ, ಅಥವಾ ಬಸ್ ಸ್ಟಾಪ್ ಅದರ ಎದುರೇ ಇದ್ದರೆ, ಈ ಪಟ್ಟಿಯ ದಿನಗಳಲ್ಲಿ ನೀವೇ ಜೊತೆಗೆ ಹೋಗಿ.

ಹಂತ 3: ಸುದ್ದಿಯಲ್ಲಿ ಕಿಡಿ ಹುಡುಕಿ

ತಾರೀಕು ಒಂದೇ ಸಾಕಾಗುವುದಿಲ್ಲ. ದಿನಕ್ಕೆ ಕಾರಣವೊಂದು ಕೂಡಿಕೊಳ್ಳಬೇಕು.

2005ರಲ್ಲಿ ಒಂದರ ಮೇಲೊಂದು ಕಾರಣ ಬಿದ್ದವು. ಯುದ್ಧಕಾಲದ ಕ್ರೌರ್ಯವನ್ನು ಮೆದು ಮಾತಿನಲ್ಲಿ ಸವರಿಹಾಕಿದ ಪಠ್ಯಪುಸ್ತಕಕ್ಕೆ ಏಪ್ರಿಲ್ 5ರಂದು ಒಪ್ಪಿಗೆ ಸಿಕ್ಕಿತು. (ಜಪಾನಿನ ಶೇ. 1ರಷ್ಟು ಶಾಲೆಗಳೂ ಅದನ್ನು ಆರಿಸಿಕೊಳ್ಳಲಿಲ್ಲ ಎನ್ನುವುದು ಬೀದಿಗಿಳಿದವರಿಗೆ ಮುಖ್ಯವಾಗಿರಲಿಲ್ಲ.) ಪ್ರಧಾನಿ ಕೊಯಿಝುಮಿ 2001ರಿಂದ ಪ್ರತಿ ವರ್ಷ ಯಾಸುಕುನಿಗೆ ಹೋಗುತ್ತಿದ್ದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನಕ್ಕೆ ಜಪಾನ್ ಅರ್ಜಿ ಹಿಡಿದು ನಿಂತಿತ್ತು. ಜೊತೆಗೆ ನಿಂತ ಮೂವರು ಯಾರು ಗೊತ್ತೇ? ಜರ್ಮನಿ, ಬ್ರೆಜಿಲ್ ಮತ್ತು ಭಾರತ. ಬೀದಿಯಲ್ಲಿ ಯಾರೂ ಭಾರತದ ಹೆಸರು ಎತ್ತಲಿಲ್ಲ. ಆದರೂ ಯಾರಾದರೂ ಭದ್ರತಾ ಮಂಡಳಿ ವಿಷಯ ತೆಗೆದರೆ ನಾವೂ ಆ ಗುಂಪಿನಲ್ಲಿದ್ದೆವು ಎನ್ನುವುದು ನೆನಪಿರಲಿ.

ಏಪ್ರಿಲ್ 2ರಂದೇ ಚೆಂಗ್‌ಡುವಿನಲ್ಲಿ ಜಪಾನಿ ಸೂಪರ್‌ಮಾರ್ಕೆಟ್‌ನ ಗಾಜು ಒಡೆದಿತ್ತು. 9ನೇ ತಾರೀಕು ಬೀಜಿಂಗ್, 10ಕ್ಕೆ ಗುವಾಂಗ್‌ಝೌ ಮತ್ತು ಶೆನ್‌ಝೆನ್, 16ಕ್ಕೆ ಶಾಂಘೈ. ಕ್ಯಾಲೆಂಡರ್ ನೋಡಿ: 9 ಶನಿವಾರ, 10 ಭಾನುವಾರ, 16 ಶನಿವಾರ. ಗಲಾಟೆ ರಜೆ ನೋಡಿಕೊಂಡೇ ಬರುತ್ತದೆ. ಕಿಡಿ ಬುಧವಾರ ಹೊತ್ತಿದರೆ ನಿಮಗೆ ಎರಡು ದಿನ ಸಿಗುತ್ತದೆ. ಅಕ್ಕಿ, ಬೇಳೆ, ಔಷಧಿ ತಂದಿಟ್ಟುಕೊಳ್ಳಲು ಅಷ್ಟು ಸಾಕು.

2012ರದು ದ್ವೀಪದ ಜಗಳ. ಜಪಾನ್ ಸೆಂಕಾಕು ಎನ್ನುವ, ಚೀನಾ ದಿಯಾವ್‌ಯು ಎನ್ನುವ ಜನವಸತಿ ಇಲ್ಲದ ದ್ವೀಪಗಳ ಪೈಕಿ ಮೂರನ್ನು ಜಪಾನ್ ಸರ್ಕಾರ ಸೆಪ್ಟೆಂಬರ್ 11ರಂದು ಖಾಸಗಿ ಮಾಲೀಕರಿಂದ 205 ಕೋಟಿ ಯೆನ್‌ಗೆ ಕೊಂಡಿತು. ಟೋಕಿಯೊ ಗವರ್ನರ್ ಇಶಿಹಾರಾ ಎಂಬ ಉಗ್ರ ರಾಷ್ಟ್ರವಾದಿ ತಾನೇ ಕೊಳ್ಳುತ್ತೇನೆಂದು ಹೊರಟಿದ್ದರು. ಅವರ ಕೈಗೆ ಹೋಗಿ ದೊಡ್ಡ ರಾದ್ಧಾಂತ ಆಗುವುದು ಬೇಡವೆಂದು ಸರ್ಕಾರ ತಾನೇ ಕೊಂಡಿತ್ತು. ಬೀಜಿಂಗ್‌ಗೆ ಆ ಸಮಜಾಯಿಷಿ ರುಚಿಸಲಿಲ್ಲ. ಒಂದು ವಾರ ತಳ್ಳಿದರೆ ಸೆಪ್ಟೆಂಬರ್ 18! ಅಷ್ಟರಲ್ಲಿ ನೂರಕ್ಕೂ ಹೆಚ್ಚು ಊರುಗಳಲ್ಲಿ ಜನ ಬೀದಿಗಿಳಿದಿದ್ದರು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಜಗಳ ದ್ವೀಪದ್ದು, ಹಳೆಯ ಯುದ್ಧದ್ದಲ್ಲ ಎಂದುಕೊಂಡು ನಿರಾಳವಾಗುತ್ತಾರೆ. ದ್ವೀಪ, ಪಠ್ಯಪುಸ್ತಕ, ಯಾವ ಕಾರಣಕ್ಕೆ ಶುರುವಾದರೂ ಫಲಕದ ಮೇಲೆ ಬರುವುದು 1931 ಮತ್ತು 1937.

ಹಂತ 4: ನಿಮ್ಮ ಊರಿನ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಡಿ

ಚೀನಿಯಲ್ಲಿ ಜಪಾನ್‌ಗೆ "ರೀಬೆನ್" ಎನ್ನುತ್ತಾರೆ. ಎರಡು ಅಕ್ಷರ. ಮೊದಲನೆಯದು ನಡುವೆ ಅಡ್ಡಪಟ್ಟಿ ಇರುವ ಕಿಟಕಿಯಂತೆ ಕಾಣುತ್ತದೆ, ಎರಡನೆಯದು ಬುಡಕ್ಕೊಂದು ಗೆರೆ ಎಳೆದ ಮರದಂತೆ. ಈ ಎರಡನ್ನು ಗುರುತಿಸಲು ಕಲಿತರೆ ಬೀದಿಯ ಫಲಕ, ಬ್ಯಾನರ್ ಎಲ್ಲದರಲ್ಲೂ ಕಣ್ಣಿಗೆ ಬೀಳುತ್ತದೆ.

ಈಗ ನಕ್ಷೆಯಲ್ಲಿ ಗುರುತು ಹಾಕಿ: ಜಪಾನಿನ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್, ಅಲ್ಲಿಗೆ ಹೋಗುವ ದೊಡ್ಡ ರಸ್ತೆ, ಊರಿನ ಮುಖ್ಯ ಚೌಕ, ಜಪಾನಿ ಡಿಪಾರ್ಟ್‌ಮೆಂಟ್ ಸ್ಟೋರ್, ಕಾರಿನ ಶೋರೂಂ, ಜಪಾನಿ ಊಟದ ಹೋಟೆಲುಗಳ ಸಾಲು. 2005ರಲ್ಲಿ ಬೀಜಿಂಗ್‌ನ ಮೆರವಣಿಗೆ ಎಲೆಕ್ಟ್ರಾನಿಕ್ಸ್ ಪೇಟೆ ಝೋಂಗ್‌ಗುವಾನ್‌ಚುನ್‌ನಿಂದ ಹೊರಟು ನಗರದ ಆಚೆ ತುದಿಯ ರಾಯಭಾರ ಕಚೇರಿವರೆಗೂ ನಡೆಯಿತು, ಅಲ್ಲಿ ಕಲ್ಲು ತೂರಾಟವಾಯಿತು. ಶಾಂಘೈಯಲ್ಲೂ ಅಷ್ಟೇ. ಕೊನೆಯ ನಿಲ್ದಾಣ ಕಾನ್ಸುಲೇಟ್, ದಾರಿಯುದ್ದಕ್ಕೂ ಸಿಕ್ಕ ಸುಶಿ ಅಂಗಡಿಗಳಿಗೆ ಏಟು.

ಕ್ಯಾಂಟನ್ ಮೇಳಕ್ಕೆ (ಗುವಾಂಗ್‌ಝೌನಲ್ಲಿ ಏಪ್ರಿಲ್ 15 ಮತ್ತು ಅಕ್ಟೋಬರ್ 15ಕ್ಕೆ ಶುರುವಾಗುವ ದೊಡ್ಡ ವ್ಯಾಪಾರ ಮೇಳ) ಹೋಗುವ ನಮ್ಮ ವರ್ತಕರು ಇದನ್ನು ಎರಡು ಸಲ ಓದಬೇಕು. ಜಪಾನಿನ ಕಾನ್ಸುಲೇಟ್ ಸ್ವಂತ ಕಟ್ಟಡದಲ್ಲೇ ಇರುತ್ತದೆ ಎಂದೇನಿಲ್ಲ. 2012ರ ಸೆಪ್ಟೆಂಬರ್ 16ರಂದು ಗುವಾಂಗ್‌ಝೌನಲ್ಲಿ ಗುಂಪು ನುಗ್ಗಿದ್ದು ಒಂದು ಪಂಚತಾರಾ ಹೋಟೆಲಿಗೆ, ಏಕೆಂದರೆ ಕಾನ್ಸುಲೇಟ್ ಇದ್ದದ್ದು ಅದೇ ಆವರಣದಲ್ಲಿ. ರೂಂ ಬುಕ್ ಮಾಡುವಾಗ ಬೆಳಗಿನ ತಿಂಡಿ ಇದೆಯೇ ಎಂದು ಕೇಳುವವರು ಪಕ್ಕದಲ್ಲಿ ಯಾವ ದೇಶದ ಕಾನ್ಸುಲೇಟ್ ಇದೆ ಎಂದೂ ನೋಡಿಕೊಳ್ಳಿ.

ಇನ್ನು ಗುರಿಯಾಗುವ ಅಂಗಡಿಗಳ ವಿಷಯ. ನಮ್ಮಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತಿದೆಯಲ್ಲ, ಈ ಗಲಾಟೆಗಳ ಕಥೆ ಪೂರ್ತಿ ಅದೇ. ಒಡೆದುಹೋದ ಸುಶಿ ಅಂಗಡಿಗಳಲ್ಲಿ ಎಷ್ಟೋ ಚೀನೀಯರ ಸ್ವಂತದವು. ಚಿಂಗ್‌ಡಾವ್‌ನಲ್ಲಿ 2012ರಲ್ಲಿ ಸುಟ್ಟ ಟೊಯೋಟಾ ಶೋರೂಂ, ಲೂಟಿಯಾದ ಜಸ್ಕೊ ಮಳಿಗೆ, ಚಾಂಗ್‌ಶಾದಲ್ಲಿ ಲೂಟಿಯಾದ ಜಪಾನಿ ಡಿಪಾರ್ಟ್‌ಮೆಂಟ್ ಸ್ಟೋರ್ ಹೇವಾಡೊ, ಇಲ್ಲೆಲ್ಲ ಸಂಬಳ ಎಣಿಸುತ್ತಿದ್ದವರು ಚೀನಿ ನೌಕರರು. ಚಿಂಗ್‌ಡಾವ್‌ನಲ್ಲೇ ದಾಳಿಗೆ ಸಿಕ್ಕ ಇನ್ನೊಂದು ಪ್ಯಾನಾಸೋನಿಕ್ ಕಾರ್ಖಾನೆ. 1978ರಲ್ಲಿ ಚೀನಾದ ನಾಯಕ ಡೆಂಗ್ ಶಿಯಾವ್‌ಪಿಂಗ್ ಖುದ್ದಾಗಿ ಜಪಾನಿಗೆ ಹೋಗಿ, ನಮ್ಮ ದೇಶ ಕಟ್ಟಲು ನೆರವಾಗಿ ಎಂದು ಕೇಳಿಕೊಂಡ ಮೇಲೆ ಚೀನಾಕ್ಕೆ ಬಂದ ಕಂಪನಿ ಅದು.

ಆ ಸೆಪ್ಟೆಂಬರ್ 15ರಂದು ಶಿಆನ್‌ನಲ್ಲಿ ಹೆಂಡತಿ, ಮಗನ ಜೊತೆ ಟೊಯೋಟಾ ಕೊರೊಲಾದಲ್ಲಿ ಬರುತ್ತಿದ್ದ ಒಬ್ಬ ಚೀನೀ ಗೃಹಸ್ಥನ ತಲೆಗೆ ಯುವಕನೊಬ್ಬ ಸೈಕಲ್ಲಿನ ಕಬ್ಬಿಣದ ಬೀಗದಿಂದ ಹೊಡೆದ. ಬುರುಡೆ ಒಡೆದು, ಆತನ ಅರ್ಧ ದೇಹ ಸ್ವಾಧೀನ ತಪ್ಪಿತು. ಹೊಡೆದವನಿಗೆ ಹತ್ತು ವರ್ಷ ಜೈಲಾಯಿತು. ನಂಬರ್ ಪ್ಲೇಟ್ ನೋಡಿ ಗಾಡಿ ತಡೆಯುವುದು ಹೇಗಿರುತ್ತದೆಂದು 2016ರ ಸೆಪ್ಟೆಂಬರ್ 12ರಂದು, ಕಾವೇರಿ ಆದೇಶದ ದಿನ, ಬೆಂಗಳೂರಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಂತ 5: ಸರ್ಕಾರದ ದನಿ ಕೇಳಿಸಿಕೊಳ್ಳಿ

ಹೊಸಬರಿಗೆ ಗೊಂದಲ ಆಗುವುದು ಇಲ್ಲಿ. ಚೀನಾದಲ್ಲಿ ಪ್ರತಿಭಟನೆಗೆ ಅವಕಾಶವೇ ಇಲ್ಲ ಅಂತಾರೆ, ಮತ್ತೆ ಇಷ್ಟು ಜನ ಹೇಗೆ ಸೇರಿದರು?

1989ರ ಕಾನೂನಿನ ಪ್ರಕಾರ ಸಭೆ, ಮೆರವಣಿಗೆಗೆ ಐದು ದಿನ ಮೊದಲು ಪೊಲೀಸರಿಗೆ ಲಿಖಿತ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. 2005, 2012ರಲ್ಲಿ ಅನುಮತಿ ಇಲ್ಲದ ಮೆರವಣಿಗೆಗಳನ್ನು ಕೆಲವು ದಿನ ನಡೆಯಲು ಬಿಟ್ಟರು. ಪೊಲೀಸರು ಪಕ್ಕದಲ್ಲೇ ನಡೆದರು. ಆಮೇಲೆ ಒಂದೇ ಸಲ ನಲ್ಲಿ ತಿರುಗಿಸಿದಂತೆ ನಿಂತಿತು. 2005ರ ಏಪ್ರಿಲ್ ಮೂರನೇ ವಾರ ಸಾರ್ವಜನಿಕ ಭದ್ರತಾ ಸಚಿವಾಲಯ (ನಮ್ಮ ಗೃಹ ಇಲಾಖೆಯ ಪೊಲೀಸ್ ವಿಭಾಗ ಇದ್ದಂತೆ) ಅನುಮತಿ ಇಲ್ಲದ ಮೆರವಣಿಗೆ ಕಾನೂನುಬಾಹಿರ ಎಂದು ಘೋಷಿಸಿತು, ಗಾಳಿಸುದ್ದಿ ನಂಬಬೇಡಿ ಎಂದು ಮೊಬೈಲ್‌ಗಳಿಗೆ ಪೊಲೀಸರಿಂದ ಸಂದೇಶ ಬಂತು. ಏಪ್ರಿಲ್ 22ರಂದು ಜಕಾರ್ತಾದಲ್ಲಿ ಕೊಯಿಝುಮಿ ಮತ್ತೆ ಕ್ಷಮೆ ಕೇಳಿದರು, ಮರುದಿನ ಚೀನಾದ ಆಗಿನ ಅಧ್ಯಕ್ಷ ಹು ಜಿಂತಾವ್ ಅವರನ್ನು ಭೇಟಿಯಾದರು. 2012ರಲ್ಲೂ ಸೆಪ್ಟೆಂಬರ್ 18 ಕಳೆದದ್ದೇ ಬೀದಿ ಖಾಲಿ.

ಹಾಗಂತ ಎಲ್ಲವೂ ಸರ್ಕಾರದ ನಾಟಕ ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ. ಅಜ್ಜಿಯ ಬಾಯಲ್ಲಿ ಕಥೆ ಕೇಳಿ ಬೆಳೆದವರ ಸಿಟ್ಟು ನಿಜವಾದದ್ದು. ನಲ್ಲಿ ಸರ್ಕಾರದ ಕೈಯಲ್ಲಿದೆ, ನೀರು ಜನರದ್ದು. ನನ್ನ ಲೆಕ್ಕದಲ್ಲಿ ಅತಿ ಅಪಾಯದ ಹೊತ್ತು ಎಂದರೆ ಸರ್ಕಾರ ಬಿಟ್ಟೂ ಬಿಡದಂತಿರುವ ಆ ಮೂರ್ನಾಲ್ಕು ದಿನ.

ಅದನ್ನು ಗುರುತಿಸಲು ಎರಡು ಪದ ಸಾಕು. "ಐಗುವೊ ವೂಝುಯಿ" ಎಂದು ಕೂಗುತ್ತಿದ್ದರೆ, ಅಂದರೆ "ದೇಶಪ್ರೇಮ ಅಪರಾಧವಲ್ಲ", ಗುಂಪು ಪೊಲೀಸರನ್ನು ಪರೀಕ್ಷಿಸುತ್ತಿದೆ ಎಂದರ್ಥ, ದೂರ ಸರಿಯಿರಿ. ಟಿವಿಯಲ್ಲಿ, ಪತ್ರಿಕೆಯಲ್ಲಿ "ಲೀಶಿಂಗ್ ಐಗುವೊ", ಅಂದರೆ "ವಿವೇಕದ ದೇಶಪ್ರೇಮ" ಎಂಬ ಮಾತು ಶುರುವಾದರೆ ನಲ್ಲಿ ತಿರುಗಿಸಲು ಕೈ ಹೋಗಿದೆ ಎಂದರ್ಥ.

ಹಂತ 6: ಆ ದಿನ

ಮನೆಯಲ್ಲಿರಿ. ಇದಕ್ಕಿಂತ ಜಾಣ ಸಲಹೆ ಇಲ್ಲ. ಹೊರಗೆ ಹೋಗಲೇಬೇಕಾದರೆ ಮೆಟ್ರೋ ಹಿಡಿಯಿರಿ. ರಸ್ತೆ ತಡೆಗೆ ಸಿಕ್ಕಿಕೊಳ್ಳುವುದು ಟ್ಯಾಕ್ಸಿ, ಬಸ್ಸು. ಕೆಂಪು ಚುಕ್ಕೆಯ ಹತ್ತಿರದ ಸ್ಟೇಷನ್ ಮುಚ್ಚಿರಬಹುದು, ಒಂದು ಸ್ಟೇಷನ್ ಹಿಂದೆಯೇ ಇಳಿಯಿರಿ. ಕಂಪನಿಯ ಕಾರು ಹೋಂಡಾ, ನಿಸಾನ್, ಟೊಯೋಟಾ ಆಗಿದ್ದರೆ ಬೇಸ್‌ಮೆಂಟಿನಲ್ಲೇ ಇರಲಿ. 2012ರಲ್ಲಿ ಕಾರಿನವರು "ಕಾರು ಜಪಾನಿನದು, ಹೃದಯ ಚೀನಾದ್ದು" ಎಂಬ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡಿದರು, ಹೋಟೆಲಿನವರು ಬೋರ್ಡಿಗೆ ಬಟ್ಟೆ ಹೊದಿಸಿ ಕೆಂಪು ಬಾವುಟ ತೂಗುಹಾಕಿದರು. ನೀವು ಹಾಗೆ ಮಾಡಬೇಡಿ. ವಿದೇಶಿಯ ಕೈಯಲ್ಲಿ ಬಾವುಟ ಕಂಡರೆ ಅದೇ ಒಂದು ತಮಾಷೆಯಾಗಿ ಗುಂಪು ಸೇರುತ್ತದೆ.

ಜಾಕೆಟ್ ಬಗ್ಗೆ ಕೇಳಿದ್ದವರಿಗೆ: ಬೇಡ. ಜಪಾನಿ ಹೆಸರಿರುವ ಜಾಕೆಟ್, ಟೋಪಿ, ಐಡಿ ಕಾರ್ಡಿನ ಪಟ್ಟಿ ಬ್ಯಾಗಿನೊಳಗೆ. ಫೋನಿನಲ್ಲಿ ಸಹೋದ್ಯೋಗಿಯ ಜೊತೆ ಜಪಾನಿ ಭಾಷೆಯಲ್ಲಿ ಮಾತಾಡುವುದು ಕಟ್ಟಡದ ಒಳಗೆ ಮಾತ್ರ. ಮುಖಚರ್ಯೆಯಿಂದ ಪೂರ್ವ ಏಷ್ಯಾದವರಂತೆ ಕಾಣುವ ಈಶಾನ್ಯ ಭಾರತದ ಗೆಳೆಯರು ನಿಮ್ಮ ತಂಡದಲ್ಲಿದ್ದರೆ ಅವರನ್ನು ಒಬ್ಬಂಟಿಯಾಗಿ ಕಳಿಸಬೇಡಿ, ಪಾಸ್‌ಪೋರ್ಟ್ ಸುಲಭವಾಗಿ ಕೈಗೆ ಸಿಗುವಂತೆ ಇಟ್ಟುಕೊಳ್ಳಲು ಹೇಳಿ. "ವೋ ಶ್ ಇಂದುರೆನ್" (ನಾನು ಭಾರತೀಯ) ಎಂಬ ಮೂರು ಪದ ಬಾಯಿಪಾಠ ಮಾಡಿ.

ಹಂತ 7: ಗುಂಪಿನ ನಡುವೆ ಸಿಕ್ಕಿಕೊಂಡರೆ

ಗುಂಪು ಹೋಗುತ್ತಿರುವ ದಿಕ್ಕಿಗೆ ಎದುರಾಗಿ ನುಗ್ಗಬೇಡಿ, ಓಡಲೂ ಬೇಡಿ. ಅದರ ಜೊತೆಗೇ ನಡೆಯುತ್ತ, ಓರೆಯಾಗಿ ಅಂಚಿಗೆ ಜರುಗಿ, ಮೊದಲು ಸಿಕ್ಕ ಅಡ್ಡರಸ್ತೆಗೆ ತಿರುಗಿ. ಗಾಜಿನ ಮುಂಭಾಗದ ಅಂಗಡಿಗೆ ನುಗ್ಗುವುದು ಎಲ್ಲರಿಗೂ ತೋಚುವ ತಪ್ಪು ಉಪಾಯ. ಆ ಗಾಜಿಗೇ ಕಲ್ಲು ಬೀಳುವುದು. ಆಸ್ಪತ್ರೆ, ಬ್ಯಾಂಕು, ಮನೆಗಳಿರುವ ಕಾಂಪೌಂಡ್ ಮೇಲು. 2012ರಲ್ಲಿ ಶೆನ್‌ಝೆನ್‌ನಲ್ಲಿ ಪೊಲೀಸರು ಅಶ್ರುವಾಯು, ಜಲಫಿರಂಗಿ ಬಳಸಿದ್ದರು. ಹೊಗೆ ಕಂಡರೆ ಗಾಳಿ ಬರುತ್ತಿರುವ ಕಡೆಗೆ ಸರಿಯಿರಿ, ಕಣ್ಣು ಉಜ್ಜಬೇಡಿ, ಬರೀ ನೀರಿನಲ್ಲಿ ತೊಳೆಯಿರಿ.

ಯಾರಾದರೂ ಫಲಕ ಕೈಗಿಟ್ಟು ಕೂಗು ಎಂದರೆ? ನಕ್ಕು, ತಲೆಯಾಡಿಸಿ, ಕೈಸನ್ನೆಯಲ್ಲಿ ಬೇಡವೆಂದು ಹೇಳಿ ಮುಂದೆ ಸಾಗಿ. ಚೀನೀ ನಾಗರಿಕರ ಮೆರವಣಿಗೆಯಲ್ಲಿ ಅನುಮತಿ ಇಲ್ಲದೆ ವಿದೇಶಿಯರು ಸೇರುವಂತಿಲ್ಲ ಎಂದು ಅದೇ 1989ರ ಕಾನೂನಿನಲ್ಲಿದೆ. "ಸುಮ್ಮನೆ ನೋಡುತ್ತಿದ್ದೆ" ಎಂಬ ಮಾತು ಕ್ಯಾಮೆರಾದ ಮುಂದೆ ನಿಲ್ಲುವುದಿಲ್ಲ. ಆಡಳಿತಾತ್ಮಕ ಬಂಧನ ಎಂಬ ಕ್ರಮದಡಿ ಕೋರ್ಟಿಗೆ ಕರೆದೊಯ್ಯದೆಯೇ 15 ದಿನದವರೆಗೆ ಕೂಡಿಹಾಕುವ ಅಧಿಕಾರ ಅಲ್ಲಿನ ಪೊಲೀಸರಿಗಿದೆ, ವಿದ್ಯಾರ್ಥಿಗಳಾದರೆ ವೀಸಾಕ್ಕೂ ಕುತ್ತು. ಹಿಡಿದರೆ ವಾದ ಮಾಡಬೇಡಿ. ಭಾರತೀಯ ಕಾನ್ಸುಲೇಟ್‌ಗೆ ತಿಳಿಸಿ ಎಂದು ಮಾತ್ರ ಕೇಳಿ. ಅದು ಅಂತರರಾಷ್ಟ್ರೀಯ ಒಪ್ಪಂದ ಕೊಟ್ಟಿರುವ ಹಕ್ಕು.

ಪೊಲೀಸ್ 110, ಆಂಬುಲೆನ್ಸ್ 120, ಬೆಂಕಿ 119.

ಹಂತ 8: ಫೋನನ್ನು ಜೇಬಿನಲ್ಲಿಡಿ

ಚಿತ್ರ ತೆಗೆಯುವುದು, ಊರಿನ ಗ್ರೂಪಿಗೆ ಹಾಕುವುದು, ಅಲ್ಲಿಂದ ಅದು ಟಿವಿಗೆ ಹೋಗುವುದು: ನಮ್ಮ ಹುಡುಗರು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಹೀಗೆ. ಕಲ್ಲು ಹೊಡೆಯುವವನ ಮುಖಕ್ಕೆ ಕ್ಯಾಮೆರಾ ಹಿಡಿದರೆ ಅವನ ಮುಂದಿನ ಗುರಿ ನೀವು. ಪೊಲೀಸರ ಮುಖಕ್ಕೆ ಹಿಡಿದರೆ ಫೋನೇ ಹೋಯಿತು. ಮನೆಯವರಿಗೆ "ಕ್ಷೇಮ, ರೂಮಿನಲ್ಲಿದ್ದೇನೆ" ಎಂದಷ್ಟೇ ಬರೆಯಿರಿ. ನೀವು ಕಣ್ಣಾರೆ ಕಾಣದ ಸಾವುನೋವಿನ ಲೆಕ್ಕವನ್ನು ವೀಚಾಟ್‌ನಲ್ಲಿ ಮುಂದಕ್ಕೆ ತಳ್ಳಬೇಡಿ, ವದಂತಿ ಹಬ್ಬಿಸಿದ ಕೇಸು ಅಲ್ಲಿ ಗಂಭೀರ. ಊರಲ್ಲಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು: 2012ರ ಬೆಂಕಿಯ ಚಿತ್ರಗಳನ್ನೇ ಇವತ್ತಿನದೆಂದು ಹಂಚುವವರಿಗೆ ಕೊರತೆಯಿಲ್ಲ. ಮಗನಿಗೆ ಹತ್ತು ಸಲ ಫೋನ್ ಮಾಡುವ ಮುನ್ನ ಚಿತ್ರದ ತಾರೀಕು ಯಾವುದೆಂದು ನೋಡಿ.

ಹಂತ 9: ಜಪಾನಿನಲ್ಲಿರುವವರಿಗೆ

ಇದು ಚಿಕ್ಕದು. ಟೋಕಿಯೊದಲ್ಲಿ ಧ್ವನಿವರ್ಧಕ ಕಟ್ಟಿದ ಕಪ್ಪು ಲಾರಿಗಳು ಹಳೆಯ ಸೇನಾಗೀತೆ ಹಾಕಿಕೊಂಡು ಓಡಾಡುವುದನ್ನು ಕಾಣುತ್ತೀರಿ. "ಉಯೋಕು", ಅಂದರೆ ಬಲಪಂಥೀಯ ಸಂಘಟನೆಗಳ ವಾಹನಗಳು. ಸದ್ದು ಜಾಸ್ತಿ, ಕೈ ಮಾಡುವುದು ಕಡಿಮೆ. ಆಗಸ್ಟ್ 15ರಂದು ಯಾಸುಕುನಿಯ ಹತ್ತಿರದ ಕುದಾನ್‌ಶಿತಾ ಸ್ಟೇಷನ್ ಸುತ್ತ ಎರಡೂ ಪಂಗಡದವರು, ಪೊಲೀಸರು ಕಿಕ್ಕಿರಿದಿರುತ್ತಾರೆ. ಪಾಲ್ ಸ್ಮಾರಕ ನೋಡುವ ಆಸೆ ಇದ್ದವರು ಬೇರೆ ದಿನ ಹೋಗಿ.

ಹಂತ 10: ಗಲಾಟೆ ಇಳಿದ ಮೇಲೆ

ಬೀದಿ ಶಾಂತವಾದರೂ ವ್ಯಾಪಾರ ತಕ್ಷಣ ಸರಿಹೋಗುವುದಿಲ್ಲ. "ದೀಝ್ ರೀಹುವೊ" (ಜಪಾನಿ ಸರಕಿನ ಬಹಿಷ್ಕಾರ) ಎಂಬ ಕೂಗು ಸದ್ದಿಲ್ಲದೆ ಮುಂದುವರಿಯುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಚೀನಾದಲ್ಲಿ ಟೊಯೋಟಾ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹಲವು ಕಾರ್ಖಾನೆಗಳು ಕೆಲವು ದಿನ ಬಾಗಿಲು ಹಾಕಿದವು, ಸುಂಕದ ಕಟ್ಟೆಗಳಲ್ಲಿ ಜಪಾನಿ ಸರಕಿನ ತಪಾಸಣೆ ಬಿಗಿಯಾಯಿತು. ಚೀನಾದಲ್ಲಿ ತಯಾರಾಗುವ ಜಪಾನಿ ಕಂಪನಿಯ ಬಿಡಿಭಾಗ ತರಿಸುವವರು ಮಾಲು ತಡವಾಗುತ್ತದೆಂದು ಇಲ್ಲಿನ ಗಿರಾಕಿಗೆ ಮೊದಲೇ ಹೇಳಿಬಿಡಿ.

ವಿಮೆಯ ಕಾಗದ ತೆಗೆದು ನೋಡಿ. ದೊಂಬಿಯಲ್ಲಿ ಆದ ಗಾಯಕ್ಕೆ ಹಣ ಬರುತ್ತದೆಯೇ ಎನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ. ನೀವೂ ಪ್ರತಿಭಟನೆಯಲ್ಲಿ ಇದ್ದಿರಿ ಎಂದು ಕಂಡುಬಂದರೆ ಎಷ್ಟೋ ವಿಮೆಗಳು ನಯಾಪೈಸೆ ಕೊಡುವುದಿಲ್ಲ.

ಕೊನೆಯದು, ತುಂಬ ಜನ ಮರೆಯುವಂಥದ್ದು. ಗಲಾಟೆಗೆ ಹೆದರಿ ಹೋಟೆಲ್ ಬಿಟ್ಟು ಗೆಳೆಯರ ಮನೆಯಲ್ಲಿ ಎರಡು ರಾತ್ರಿ ಕಳೆದಿರಾ? ಚೀನಾದಲ್ಲಿ ವಿದೇಶಿಯರು ಎಲ್ಲಿ ತಂಗಿದ್ದಾರೆಂದು 24 ಗಂಟೆಯೊಳಗೆ ಆ ಪ್ರದೇಶದ ಪೊಲೀಸ್ ಠಾಣೆಯಲ್ಲಿ ನೋಂದಾಯಿಸಬೇಕು. ಹೋಟೆಲಿನಲ್ಲಿದ್ದರೆ ಅವರೇ ಮಾಡುತ್ತಾರೆ, ಮನೆಯಲ್ಲಿದ್ದರೆ ನೀವು ಅಥವಾ ಇಟ್ಟುಕೊಂಡ ಮನೆಯವರು ಮಾಡಿಸಬೇಕು. ಊರಲ್ಲಿ ಇಷ್ಟು ಗಲಾಟೆ ಇರುವಾಗ ಇದನ್ನೆಲ್ಲ ಯಾರು ನೋಡುತ್ತಾರೆ ಅನ್ನಬೇಡಿ. ಗಲಾಟೆ ಇರುವಾಗಲೇ ನೋಡುತ್ತಾರೆ. ಗೆಳೆಯನ ಮನೆ ಬಾಡಿಗೆ ಕರಾರಿನ ನಕಲು, ನಿಮ್ಮ ಪಾಸ್‌ಪೋರ್ಟ್ ಹಿಡಿದು ಅದೇ ದಿನ ಠಾಣೆಗೆ ಹೋಗಿ ಚೀಟಿ ಮಾಡಿಸಿಕೊಳ್ಳಿ.